ಪಟ್ಟಿಯಕ್ಕ ಮತ್ತು ಮೂವತ್ತೊಂದು ನೀಟಾದ ಹೃದಯಗಳು

ಆಸ್ಪತ್ರೆಯ ನೆಲಮಹಡಿಯಲ್ಲಿ, ಎಕ್ಸ್‌ರೇ ಕೋಣೆಗೂ ಗಾಲಿಕುರ್ಚಿಗಳನ್ನು ನಿಲ್ಲಿಸುವ ಮೂಲೆಗೂ ನಡುವೆ ಒಂದು ಇಕ್ಕಟ್ಟಾದ ಕೋಣೆಯಿದೆ. ಅದರೊಳಗೆ ಒಂದು ಮಂಚ, ಒಂದು ಹಸಿರು ಪರದೆ, ಇಸಿಜಿ ಯಂತ್ರ, ಒಂದು ಸ್ಟೂಲು ಮತ್ತು ಪಟ್ಟಿಯಕ್ಕ. ಇಷ್ಟೆಲ್ಲ ಸೇರಿದ ಮೇಲೆ ರೋಗಿಗೆ ಉಳಿಯುವ ಜಾಗ ಅಷ್ಟಕ್ಕಷ್ಟೆ. ಆದರೂ ಇಪ್ಪತ್ತೆರಡು ವರ್ಷಗಳಲ್ಲಿ ಊರಿನ ಅರ್ಧಕ್ಕರ್ಧ ಜನ ಆ ಕೋಣೆಯಲ್ಲಿ ಅಂಗಿ ಬಿಚ್ಚಿ, ಎದೆ ಒಪ್ಪಿಸಿ, ನಗುತ್ತ ಹೊರಗೆ ಬಂದಿದ್ದಾರೆ.

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಇದ್ದೇ ಇದೆ. ಸಂಬಳದ ಚೀಟಿಯ ಮೇಲೆ ಅದು ತಿಂಗಳಿಗೊಮ್ಮೆ ಮುಖ ತೋರಿಸಿ ಹೋಗುತ್ತದೆ. ಉಳಿದಂತೆ ಅವಳು ಎಲ್ಲರಿಗೂ ಪಟ್ಟಿಯಕ್ಕ. ಯಂತ್ರದಿಂದ ನಸುಗೆಂಪು ಚೌಕಳಿ ಕಾಗದದ ಪಟ್ಟಿ ಸರಸರನೆ ಹೊರಬರುತ್ತದಲ್ಲ, ಅದನ್ನು ಹರಿದು, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಸಮಾಧಾನವಾದರೆ ಮಾತ್ರ ಮಡಚಿ ಕೊಡುವವಳು ಅವಳು. ಸಮಾಧಾನವಾಗದಿದ್ದರೆ ಪಟ್ಟಿ ಮುದ್ದೆಯಾಗಿ ಕಸದ ಬುಟ್ಟಿ ಸೇರುತ್ತಿತ್ತು.

ಅವಳ ಮಟ್ಟಿಗೆ ಪಟ್ಟಿಗಳಲ್ಲಿ ಎರಡೇ ಜಾತಿ. ನೀಟು, ಗಲೀಜು. ಹೆದರಿದವರ ಪಟ್ಟಿ ಗಲೀಜು, ಚಳಿಗೆ ನಡುಗುವವರ ಪಟ್ಟಿ ಗಲೀಜು, ಸಾಹೇಬರ ಮೇಲಿನ ಸಿಟ್ಟು ತಲೆಯಲ್ಲಿಟ್ಟುಕೊಂಡು ಬಂದವರದ್ದಂತೂ ಹೇಳುವುದೇ ಬೇಡ. ಇಂಥವರು ಬಂದರೆ ಪಟ್ಟಿಯಕ್ಕ ಗುಂಡಿ ಒತ್ತುತ್ತಲೇ ಇರಲಿಲ್ಲ. "ತಣ್ಣಗಿರುತ್ತೆ, ಬೆಚ್ಚಿಬೀಳ್ಬೇಡಿ" ಎಂದು ಎದೆಗೆ ಲೋಳೆಯಂಥ ಜೆಲ್ ಹಚ್ಚುತ್ತ ಮಾತಿಗೆಳೆಯುವಳು. ಮನೇಲಿ ಯಾರ್ಯಾರಿದ್ದೀರಿ, ಮಗಳ ಗಣಿತ ಹೇಗಿದೆ, ಬೆಕ್ಕು ಎಷ್ಟು ಮರಿ ಹಾಕಿತು. ಬೆಕ್ಕಿನ ನಾಲ್ಕನೇ ಮರಿಯ ಬಣ್ಣಕ್ಕೆ ಬರುವಷ್ಟರಲ್ಲಿ ಎದೆ ತಾನಾಗಿ ತಗ್ಗಿರುತ್ತಿತ್ತು. ಆಗ ಚಟಕ್ಕನೆ ಗುಂಡಿ ಒತ್ತುವಳು. ಮೇಲಿನ ಮಹಡಿಯ ಹಿರಿಯ ಡಾಕ್ಟರುಗಳು ಕಾಗದ ನೋಡಿದ ಕೂಡಲೇ, "ಇದು ನಮ್ಮ ಪಟ್ಟಿಯಕ್ಕ ತೆಗೆದದ್ದು" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಅವಳು ಎರಡು ಇಂಚು ಎತ್ತರವಾಗಿ ನಡೆಯುತ್ತಿದ್ದಳು.

ಮನೆಯಲ್ಲಿ ಮಾತ್ರ ಅವಳ ಈ ವಿದ್ಯೆ ನಡೆಯುತ್ತಿರಲಿಲ್ಲ. ಅವಳ ಗಂಡ ಟೈಲರ್. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹೊರಗಡೆಯಿಂದ ಹತ್ತುವ ಹದಿನಾಲ್ಕು ಮೆಟ್ಟಿಲು. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಇಪ್ಪತ್ತನಾಲ್ಕೂವರೆ ವರ್ಷ ಅವನು ಸಂಜೆ ಅಂಗಡಿ ಮುಚ್ಚಿ ಮೇಲೆ ಬಂದು, ಅಡುಗೆಮನೆಯ ಕಟ್ಟೆಯ ತುದಿಗೆ ಒರಗಿ, ಅಂದಿನ ಗಿರಾಕಿಗಳ ಪ್ರವರ ಬಿಚ್ಚುತ್ತಿದ್ದ. ಯಾರ ಸೊಂಟ ಎಷ್ಟು ಬೆಳೆಯಿತು, ಬೆಳೆದದ್ದನ್ನು ಯಾರು ಒಪ್ಪಲಿಲ್ಲ, ಯಾರು ಉಸಿರು ಬಿಗಿಹಿಡಿದು ಅಳತೆ ಕೊಟ್ಟು ಆಮೇಲೆ ಕೆಮ್ಮಿದರು. ಪಟ್ಟಿಯಕ್ಕ ಸೌಟು ಕೈಯಲ್ಲಿ ಹಿಡಿದುಕೊಂಡೇ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು. ಅವಳ ದಿನದ ಸಂಬಳ ನಿಜವಾಗಿ ಸಿಗುತ್ತಿದ್ದದ್ದು ಆಗಲೇ.

ಒಂದೂವರೆ ವರ್ಷದ ಕೆಳಗೆ ಮನೆಗೆ ಲಾರಿ ಬಂತು. ಬಂದದ್ದು ಅಂಗೈಯಗಲದ ಫೋನಿನೊಳಗೆ. ಅದೊಂದು ಆಟ. ಲಾರಿಗೆ ಸರಕು ತುಂಬಿ, ಹಿಮ ಮುಚ್ಚಿದ ಘಟ್ಟಗಳಲ್ಲಿ ಓಡಿಸಿ, ಹೊತ್ತಿಗೆ ಸರಿಯಾಗಿ ಮುಟ್ಟಿಸಬೇಕು. ಸೈಕಲ್ಲಿನಲ್ಲಿ ತಿರುವು ತೆಗೆದುಕೊಳ್ಳಲು ಇಳಿದು ತಳ್ಳಿಕೊಂಡು ಹೋಗುತ್ತಿದ್ದ ಮಹಾನುಭಾವ ಹದಿನೆಂಟು ಗಾಲಿಯ ಲಾರಿ ಹತ್ತಿ ಕೂತುಬಿಟ್ಟ. ಫೋನನ್ನು ಅಡ್ಡ ಹಿಡಿದು, ತಿರುವು ಬಂದಾಗ ಮೈಯನ್ನೂ ಆ ಕಡೆಗೆ ವಾಲಿಸುತ್ತಿದ್ದ. ವಾಲಿಕೆ ಅಭ್ಯಾಸವಾಗಿ, ಗಿರಾಕಿಯ ಭುಜದ ಅಳತೆ ತೆಗೆಯುವಾಗಲೂ ಇದ್ದಕ್ಕಿದ್ದಂತೆ ಎಡಕ್ಕೆ ವಾಲುವನು. ಗಾಬರಿಯಾದ ಗಿರಾಕಿಯೂ ವಾಲುವನು. ಅಂಗಿಯ ಒಂದು ಭುಜ ಇಳಿದೇ ಬರುತ್ತಿತ್ತು. ಆಸ್ಪತ್ರೆಗೆ ಹೊಲಿದ ಒಂದು ಬಿಳಿ ಕೋಟಿನ ಎರಡೂ ಅಂಚಿಗೆ ಕಾಜಾ ತೆಗೆದು ಗುಂಡಿಗೆ ಜಾಗವನ್ನೇ ಇಡದೆ ಕಳಿಸಿದ್ದ. ಅದನ್ನು ತೊಟ್ಟ ಡಾಕ್ಟರು ಇಡೀ ದಿನ ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ರೌಂಡ್ಸ್ ಮುಗಿಸಿದರು.

"ರೀ, ಊಟ."

"ಬಂದೆ. ಮೊಟ್ಟೆ ಲೋಡು. ಒಂದೇ ಒಂದು ಘಟ್ಟ."

ಆ ಒಂದೇ ಒಂದು ಘಟ್ಟ ಮುಗಿಯುತ್ತಲೇ ಇರಲಿಲ್ಲ. ಅವನು ಊಟ ಮಾಡುತ್ತಿದ್ದ, ತಲೆಯಾಡಿಸುತ್ತಿದ್ದ, ಹೂಂ ಎನ್ನುತ್ತಿದ್ದ, ಆದರೆ ಮಾತಾಡುತ್ತಿರಲಿಲ್ಲ. ಪಟ್ಟಿಯಕ್ಕ ಬೈದು ನೋಡಿದಳು, ಫೋನಿನ ಚಾರ್ಜರನ್ನು ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟು ನೋಡಿದಳು, ಒಂದು ವಾರ ತಾನೇ ಮಾತು ಬಿಟ್ಟು ನೋಡಿದಳು. ಅವಳು ಮಾತು ಬಿಟ್ಟದ್ದು ಅವನಿಗೆ ತಿಳಿಯಲೇ ಇಲ್ಲ. ಅವಳಿಗೆ ಅಂಗಡಿಯ ಚಿಂತೆಗಿಂತ, ಇಳಿದ ಭುಜಗಳ ಚಿಂತೆಗಿಂತ ಹೆಚ್ಚಾಗಿ ಆ ಸಂಜೆಯ ಮಾತು ಬೇಕಾಗಿತ್ತು. ಗಂಡ ಎದುರಿಗೇ ಕೂತಿರುವಾಗ ಅವನನ್ನು ನೆನೆಸಿಕೊಂಡು ಅಳು ಬರುವುದು ಎಂಥ ಅವಸ್ಥೆ ಎಂದು ತನ್ನ ಮೇಲೆ ತನಗೇ ಸಿಟ್ಟು ಬರುತ್ತಿತ್ತು.

ಇಂಥ ಹೊತ್ತಿನಲ್ಲಿ ಆಸ್ಪತ್ರೆಗೆ ಹೊಸ ಡಾಕ್ಟರಮ್ಮ ಬಂದರು. ಮನೋರೋಗ ವಿಭಾಗದವರು, ವಯಸ್ಸು ಮೂವತ್ತು ದಾಟಿರಲಿಲ್ಲ, ನಡೆಯುತ್ತಿರಲಿಲ್ಲ, ಓಡುತ್ತಿದ್ದರು. ಒಂದು ದಿನ ಇಸಿಜಿ ಕೋಣೆಗೆ ನುಗ್ಗಿ, ಸ್ಟೂಲಿಗೆ ಕಾಲು ತಗುಲಿಸಿಕೊಂಡು, ಮಂಚದ ಮೇಲೆ ಕೂತೇಬಿಟ್ಟರು.

"ಅಕ್ಕಾ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ವಿಡಿಯೋ ಗೇಮಿನ ಚಟ ಹತ್ತಿದವರನ್ನ ಗುರುತಿಸೋಕೆ ಎದೆಬಡಿತ ಸಹಾಯ ಮಾಡುತ್ತಾ ಅಂತ ನೋಡ್ತಿದೀನಿ."

ಪಟ್ಟಿಯಕ್ಕನ ಕೈಯಲ್ಲಿದ್ದ ಜೆಲ್ ಟ್ಯೂಬು ತಾನಾಗಿ ಪುಸಕ್ಕೆಂದಿತು.

ಡಾಕ್ಟರಮ್ಮ ವಿವರಿಸಿದರು. ಕುತ್ತಿಗೆಗೆ ತೂಗುಹಾಕುವ ಸಣ್ಣ ಡಬ್ಬಿ, ಅದರಿಂದ ಎದೆಗೆ ಅಂಟಿಸುವ ಮೂರು ವೈರು. ಮೊದಲು ಐದು ನಿಮಿಷ ಸುಮ್ಮನೆ ಕೂರಿಸುವುದು, ಆಮೇಲೆ ಹತ್ತು ನಿಮಿಷ ಅವರಿಷ್ಟದ ಆಟ ಆಡಿಸುವುದು, ಆಮೇಲೆ ಫೋನು ಟ್ರೇಯಲ್ಲಿಟ್ಟು ಮತ್ತೆ ಐದು ನಿಮಿಷ ಸುಮ್ಮನೆ. "ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಇರುತ್ತಲ್ಲ, ಆರಾಮಾಗಿರೋರಲ್ಲಿ ಅದು ಸ್ವಲ್ಪ ಹೆಚ್ಚು ಕಮ್ಮಿ ಆಗ್ತಾ ಇರುತ್ತೆ. ಚಟ ಇರೋರಲ್ಲಿ ಆಟದ ಹೊತ್ತಿಗೆ, ಆಟ ಕಿತ್ಕೊಂಡ ಹೊತ್ತಿಗೆ ಅದು ಬೇರೆ ಥರ ಆಗುತ್ತಾ, ಅದನ್ನ ನೋಡ್ಬೇಕು. ಎದೆ ಒಂದೇ ತೀರ್ಪು ಕೊಡಲ್ಲ ಅಕ್ಕಾ, ಪ್ರಶ್ನೆ ಕೇಳ್ತೀವಿ, ಕೂತು ಮಾತಾಡ್ತೀವಿ, ಜೊತೆಗೆ ಇದೂ ಒಂದು ಸಾಕ್ಷಿ. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಆಡೋರು ಬೇಕಾಗಿದ್ದಾರೆ. ನಿಮಗ್ಯಾರಾದ್ರೂ ಗೊತ್ತಾ?"

"ಗೊತ್ತಾ ಅಂತೀರಾ! ಒಬ್ಬರಿಗೆ ದಿನಾ ಅನ್ನ ಹಾಕ್ತಿದೀನಿ" ಎಂದಳು ಪಟ್ಟಿಯಕ್ಕ.

ಅಂದು ಸಂಜೆ ಮನೆಯಲ್ಲಿ ಒಪ್ಪಂದವಾಯಿತು. ಟೈಲರ್ ಲಾರಿಯನ್ನು ಘಟ್ಟದ ಪಕ್ಕಕ್ಕೆ ನಿಲ್ಲಿಸಿ, ಎದೆಯುಬ್ಬಿಸಿ ಹೇಳಿದ: "ಚಟ ಅಂತೆ ಚಟ! ಬೇಕಾದಾಗ ಬಿಡೋನು ನಾನು. ಆಯ್ತು, ನನ್ನ ಎದೆ ಹೌದು ಅಂದ್ರೆ ಆಟ ಬಿಡ್ತೀನಿ, ಡಾಕ್ಟರು ಹೇಳಿದ ಹಾಗೆ ಕೇಳ್ತೀನಿ. ಇಲ್ಲ ಅಂದ್ರೆ ನೀನು ಈ ಜನ್ಮದಲ್ಲಿ ಲಾರಿ ಅನ್ನೋ ಶಬ್ದ ಎತ್ಬಾರ್ದು."

"ಎತ್ತಲ್ಲ" ಎಂದಳು ಪಟ್ಟಿಯಕ್ಕ. ಅವಳಿಗೆ ಗೆಲುವು ಖಾತ್ರಿಯಾಗಿತ್ತು. ಇಪ್ಪತ್ತೆರಡು ವರ್ಷದ ವಿದ್ಯೆ ಗಂಡನ ಎದೆಯೆದುರು ಸೋಲುತ್ತದೆಯೆ?

ಸೋತಿತು, ಅದೂ ಮುಗ್ಗರಿಸಿ. ಟೈಲರ್ ಬಂದ, ಕೂತ, ಲಾರಿ ಓಡಿಸಿದ. ಪಟ್ಟಿಯಕ್ಕ ತನ್ನ ಕೈಯಾರೆ ದಾಖಲೆ ಮಾಡಿದಳು. ಕೊನೆಗೆ ಗೆರೆ ನೋಡಿದರೆ ಎಳೆಮಗು ನಿದ್ದೆ ಮಾಡಿದ ಹಾಗಿತ್ತು. ಸುಳ್ಳು ಹೇಳುವುದು ಅವಳ ಜಾಯಮಾನವಲ್ಲ. "ನೀಟಾಗಿದೆ" ಎಂದು ಗೊಣಗಿದಳು. ಟೈಲರ್ ಆಸ್ಪತ್ರೆಯ ಮೆಟ್ಟಿಲನ್ನು ಎರಡೆರಡಾಗಿ ಇಳಿದು, ದಾರಿಯುದ್ದಕ್ಕೂ ಮೀಸೆ ತಿರುವುತ್ತ ಮನೆಗೆ ಹೋದ. ಅವನಿಗೆ ಮೀಸೆಯಿರಲಿಲ್ಲ, ಆದರೂ ತಿರುವಿದ.

ಆಮೇಲಿನ ಹದಿನೇಳು ದಿನ ಪಟ್ಟಿಯಕ್ಕ ಬಾಯಿಗೆ ಬೀಗ ಹಾಕಿಕೊಂಡು ಬದುಕಿದಳು. ಬೀದಿಯಲ್ಲಿ ನಿಜವಾದ ಲಾರಿ ಬಂದರೂ "ಅದು ಬರ್ತಿದೆ, ಪಕ್ಕಕ್ಕೆ ಬನ್ನಿ" ಎನ್ನಬೇಕಾಯಿತು. ಟೈಲರನಿಗೆ ಈಗ ಲೈಸೆನ್ಸು ಸಿಕ್ಕಂತಾಗಿತ್ತು. ಬೆಳಗಿನ ತಿಂಡಿಗೂ ಸಿಮೆಂಟಿನ ಲೋಡು ಬಂತು. ಗೆದ್ದವನ ಉತ್ಸಾಹದಲ್ಲಿ ಒಂದು ಪ್ಯಾಂಟಿಗೆ ಮೂರು ಜೇಬು ಒಂದೇ ಕಡೆ ಇಟ್ಟ.

ಇತ್ತ ಡಾಕ್ಟರಮ್ಮನ ಓಟ ನಿಧಾನವಾಗತೊಡಗಿತ್ತು. ಮೂವತ್ತೊಂದು ಜನರ ದಾಖಲೆ ಸಿದ್ಧವಾಗಿತ್ತು. ದಿನಕ್ಕೆ ಹತ್ತು ಗಂಟೆ ಆಡುವವರಿದ್ದರು, ಆಟಕ್ಕಾಗಿ ಮದುವೆ ಮುರಿದುಕೊಂಡವರಿದ್ದರು, ಹೋಲಿಸಿ ನೋಡಲೆಂದು ಕರೆಸಿದ, ಹೆಸರಿಗೆ ಮಾತ್ರ ಆಡುವವರೂ ಇದ್ದರು. ಎಲ್ಲರ ಗೆರೆಯೂ ಒಂದೇ. "ಅಕ್ಕಾ, ಮೂವತ್ತೊಂದು ಜನಾನೂ ಧ್ಯಾನಕ್ಕೆ ಕೂತಂಗಿದಾರೆ! ಎಂಥ ಚಟದವನಿಗೂ ಏನೂ ಆಗ್ತಿಲ್ಲ. ನನ್ನ ಯೋಚನೇನೇ ತಪ್ಪಿರ್ಬೇಕು. ನಾಳೆ ಒಂದು ನೋಡಿ, ನಿಲ್ಲಿಸಿಬಿಡ್ತೀನಿ" ಎಂದು ತಲೆಯ ಮೇಲೆ ಕೈ ಹೊತ್ತು ಕೂತರು. ಪಟ್ಟಿಯಕ್ಕನಿಗೂ ಕರುಳು ಚುರುಕ್ಕೆಂದಿತು. ಪಾಪ, ಎಷ್ಟು ಆಸೆಯಿಂದ ಓಡಾಡುತ್ತಿದ್ದ ಹುಡುಗಿ.

ಮರುದಿನ ಮೂವತ್ತೆರಡನೆಯವಳಾಗಿ ಅಂಚೆಕಚೇರಿಯ ಗುಮಾಸ್ತೆ ಬಂದಳು. ಬಣ್ಣದ ಹರಳುಗಳನ್ನು ಸಾಲುಗೂಡಿಸಿ ಸಿಡಿಸುವ ಆಟ ಅವಳದು. ಕೌಂಟರಿನ ಕೆಳಗೆ ಹರಳು ಸಿಡಿಸುತ್ತ ರಿಜಿಸ್ಟರ್ ಕಾಗದಗಳಿಗೆ ಎರಡೆರಡು ಸಲ ಸೀಲು ಹಾಕಿ ನೋಟಿಸು ತಿಂದವಳು. ಈ ಸಲ ಡಾಕ್ಟರಮ್ಮ ತಾವೇ ಬಂದು ಗೋಡೆಗೊರಗಿ ನಿಂತು ನೋಡಿದರು.

ಸುಮ್ಮನೆ ಕೂರುವ ಐದು ನಿಮಿಷ ಮುಗಿಯಿತು. ಗುಮಾಸ್ತೆ ಆಟ ಶುರುಮಾಡಿದಳು. ಎರಡನೇ ನಿಮಿಷಕ್ಕೆ ಹರಳುಗಳು ಧಡಧಡನೆ ಸಿಡಿದವು, ಅವಳ ಕಣ್ಣು ಅರಳಿದವು, ಲ್ಯಾಪ್‌ಟಾಪಿನ ಮೇಲಿನ ಗೆರೆ ಗುಪ್ಪೆಂದು ನೆಗೆಯಿತು. ಕೂಡಲೇ ಪಟ್ಟಿಯಕ್ಕ ಸ್ಟಾಪ್ ಒತ್ತಿದಳು. ಅಲ್ಲಿಯವರೆಗಿನದನ್ನು ಅಳಿಸಿದಳು. ಗುಮಾಸ್ತೆಯ ಕೈಯಿಂದ ಫೋನನ್ನು ಮೆತ್ತಗೆ ಕೆಳಗಿಳಿಸಿ, ಭುಜದ ಮೇಲೆ ಕೈಯಿಟ್ಟು, "ಉಸಿರು ಎಳ್ಕೊಳ್ಳಿ... ಬಿಡಿ... ಹಾಂ. ಅಂಚೆಕಚೇರೀಲಿ ಅಂಟು ಡಬ್ಬ ಇನ್ನೂ ಇದೆಯೇನ್ರಿ? ಈಗೆಲ್ಲ ಅಂಟು ಕಡ್ಡೀನಾ?" ಎಂದಳು. ಗುಮಾಸ್ತೆ ಅಂಟಿನ ಇತಿಹಾಸ ಹೇಳತೊಡಗಿದಳು. ಗೆರೆ ಇಳಿಯಿತು. ಪಟ್ಟಿಯಕ್ಕ ಚಟಕ್ಕನೆ ಸ್ಟಾರ್ಟ್ ಒತ್ತಿ, "ಈಗ ಆಡಿ, ನಿಧಾನಕ್ಕೆ" ಎಂದಳು. ಗೆರೆ ಮತ್ತೆ ನೆಗೆಯುವ ಸೂಚನೆ ಕಂಡದ್ದೇ ಮತ್ತೆ ಸ್ಟಾಪ್.

"ಅಕ್ಕಾ!" ಡಾಕ್ಟರಮ್ಮನ ಸ್ವರ ಕೀರಲಾಗಿತ್ತು. "ಏನ್ ಮಾಡ್ತಿದೀರಿ?"

"ಗಲೀಜು ಬಂದಿತ್ತು ಡಾಕ್ಟ್ರೇ, ತೆಗೆದೆ."

"ಎಲ್ಲರಿಗೂ ಹೀಗೇ ತೆಗೆದ್ರಾ?"

"ಮತ್ತೆ? ಅಂಥಾದ್ದನ್ನ ನಿಮಗೆ ಹೇಗೆ ಕೊಡೋದು? ಕೆಲವರಿಗಂತೂ ಇಪ್ಪತ್ತು ಸಲ ತೆಗೆದಿದೀನಿ. ಬೆವರು ಇಳಿದುಹೋಗಿದೆ ನಂಗೆ."

"ಅಕ್ಕಾ, ನನಗೆ ಬೇಕಾಗಿದ್ದೇ ಆ ಗಲೀಜು!"

ಕೋಣೆಯಲ್ಲಿ ಒಂದು ಕ್ಷಣ ಹರಳುಗಳು ಸಿಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಗುಮಾಸ್ತೆ ಸಂದರ್ಭ ನೋಡಿ ಮತ್ತೆ ಆಟಕ್ಕಿಳಿದಿದ್ದಳು. ಪಟ್ಟಿಯಕ್ಕ ನಾಲಿಗೆ ಕಚ್ಚಿಕೊಂಡಳು. ಇಪ್ಪತ್ತೆರಡು ವರ್ಷದ ಅಭ್ಯಾಸ ಕೈಯಲ್ಲಿ ಕೂತು ತಾನೇ ಗುಂಡಿ ಒತ್ತಿತ್ತು. ಕೆಲಸ ಹೋದೀತು ಎಂಬ ಹೆದರಿಕೆಯೂ ಆಯಿತು. ಆದರೂ ಅವಳು ಬೆರಳು ಮಡಚಿ ಎಣಿಸುತ್ತ ಒಂದೊಂದನ್ನೂ ಒಪ್ಪಿಕೊಂಡಳು.

"ಮೂವತ್ತೊಂದೂ?"

"ಮೂವತ್ತೊಂದೂ ಡಾಕ್ಟ್ರೇ."

ಡಾಕ್ಟರಮ್ಮ ಸಿಟ್ಟಾಗಲು ಬಾಯಿ ತೆರೆದರು. ಬಂದದ್ದು ನಗು. ಮೊದಲು ಮೂಗಿನಿಂದ, ಆಮೇಲೆ ಹೊಟ್ಟೆಯಿಂದ. "ನೀವು... ಊರಿನ ಅಷ್ಟೂ ಚಟಾನ... ಬೆಕ್ಕಿನ ಕಥೆ ಹೇಳಿ ವಾಸಿಮಾಡಿ..." ಮುಂದೆ ಹೇಳಲಾಗಲಿಲ್ಲ. ಪಟ್ಟಿಯಕ್ಕನಿಗೂ ತಡೆಯಲಾಗಲಿಲ್ಲ. ಇಬ್ಬರೂ ಮಂಚದ ಎರಡು ಕಡೆ ಹಿಡಿದುಕೊಂಡು ನಕ್ಕರು. ಎಕ್ಸ್‌ರೇ ಕೋಣೆಯವನು ಗೋಡೆ ಬಡಿದ, ಒಳಗೆ ಅವನ ರೋಗಿಯ ಫಿಲ್ಮು ಅಲುಗಿತಂತೆ.

ನಗು ನಿಂತ ಮೇಲೆ ಪಟ್ಟಿಯಕ್ಕನ ಎದೆ ಧಸಕ್ಕೆಂದಿತು. ಮೂವತ್ತೊಂದು ಗೆರೆಗಳಲ್ಲಿ ಗಂಡನದೂ ಒಂದಲ್ಲವೆ? ಅವನ ಬೆನ್ನ ಮೇಲೂ ಕೈಯಾಡಿಸಿದ್ದಳು, ಅವನಿಗೂ ಉಸಿರು ಎಳೆಸಿ ಬಿಡಿಸಿದ್ದಳು. ಅವನನ್ನು ಗೆಲ್ಲಿಸಿದ್ದು ಅವಳೇ.

ಡಾಕ್ಟರಮ್ಮ ಹೊಸ ಕಾನೂನು ಮಾಡಿದರು. ಸ್ಟಾರ್ಟ್ ಒತ್ತಿದ ಮೇಲೆ ಪಟ್ಟಿಯಕ್ಕ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂರಬೇಕು. ಬಾಯಿ ತೆರೆಯಕೂಡದು. ಬೆಕ್ಕು, ಗಣಿತ, ಅಂಟು ಎಲ್ಲವೂ ನಿಷಿದ್ಧ. ಅಳಿಸುವ ಗುಂಡಿಯ ಮೇಲೆ ಗಾಯಕ್ಕೆ ಹಾಕುವ ಟೇಪು ಮೆತ್ತಿದರು. ಅಂಚೆ ಗುಮಾಸ್ತೆಯಿಂದ ಹಿಡಿದು ಎಲ್ಲರನ್ನೂ ಮತ್ತೆ ಕರೆಸಿದ್ದಾಯಿತು. ಗೆರೆಗಳು ನೆಗೆದವು, ಬಿಗಿದವು, ಒಬ್ಬೊಬ್ಬರದು ಒಂದೊಂದು ಥರ ಆಯಿತು. ಡಾಕ್ಟರಮ್ಮ ಮತ್ತೆ ಓಡತೊಡಗಿದರು. ಪಟ್ಟಿಯಕ್ಕ ಮಾತ್ರ ಸ್ಟೂಲಿನ ಮೇಲೆ ಮಾತು ನುಂಗಿ ನುಂಗಿ ಸಂಜೆಯ ಹೊತ್ತಿಗೆ ಬಿಕ್ಕಳಿಸುತ್ತಿದ್ದಳು. ಹಳೆಯ ಮೂವತ್ತೊಂದರಲ್ಲಿ ಮೂವತ್ತು ಮುಗಿದವು. ಇನ್ನುಳಿದದ್ದು ಟೈಲರ್.

"ಸೋತೋರು ಮತ್ತೆ ಪಂದ್ಯ ಕೇಳೋದುಂಟೇನೇ?" ಎಂದ ಅವನು, ಲಾರಿಯಿಂದ ಕಣ್ಣೆತ್ತದೆ.

"ಸೋತಿದ್ದಕ್ಕಲ್ಲ ರೀ. ನಾನು ತೆಗೆದ ಅಳತೆ ತಪ್ಪು."

ಟೈಲರನ ಹೆಬ್ಬೆರಳು ನಿಂತಿತು. ಅವನು ಏನನ್ನಾದರೂ ಸಹಿಸಿಯಾನು, ತಪ್ಪು ಅಳತೆಯೊಂದನ್ನು ಬಿಟ್ಟು. ಲಾರಿ ಬಂದ ಮೇಲೆ ಅವನ ಕೈ ಕೆಟ್ಟಿತ್ತು ನಿಜ, ಆದರೆ ತಪ್ಪಾಗಿದೆ ಎಂದು ಗಿರಾಕಿ ಹೇಳಿದರೆ ಇಂದಿಗೂ ಮರುಮಾತಾಡದೆ ಬಿಚ್ಚಿ ಹೊಲಿದುಕೊಡುತ್ತಿದ್ದ.

"ಎಷ್ಟು ತಪ್ಪು?"

"ಪೂರ್ತಿ. ನಿಮ್ಮ ಎದೆ ಏನು ಹೇಳ್ತಿತ್ತೋ ಅದನ್ನ ನಾನು ಹೇಳೋಕೇ ಬಿಡ್ಲಿಲ್ಲ. ನಡುವೆ ಬಾಯಿ ಹಾಕ್ದೆ."

"ಅದೇನು ಹೊಸದಲ್ಲ ಬಿಡು" ಎಂದ ಟೈಲರ್. ಆದರೆ ಬಂದ.

ಆವತ್ತು ಮಧ್ಯಾಹ್ನ ಅವನು ವೈರು ಹಚ್ಚಿಸಿಕೊಂಡು ಕೂತ. ಪಟ್ಟಿಯಕ್ಕ ಸ್ಟೂಲಿನ ಮೇಲೆ, ಕೈ ಬೆನ್ನ ಹಿಂದೆ. ಡಬ್ಬಿಯಿಂದ ಗೆರೆ ವೈರಿಲ್ಲದೆಯೇ ಡಾಕ್ಟರಮ್ಮನ ಲ್ಯಾಪ್‌ಟಾಪಿಗೆ ಹೋಗುತ್ತಿತ್ತು. ಮೊದಲ ಐದು ನಿಮಿಷದಲ್ಲೇ ಟೈಲರ್ ಏಳು ಸಲ ಟ್ರೇಯ ಕಡೆ ನೋಡಿದ. ಆಮೇಲೆ ಗಾಜಿನ ಸಾಮಾನು ತುಂಬಿದ ಲಾರಿಯನ್ನು ಘಟ್ಟ ಹತ್ತಿಸಿದ. ಮೈ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಅವನೊಂದಿಗೆ ಡಾಕ್ಟರಮ್ಮನೂ ಒಂದು ಸಲ ವಾಲಿದರು. ಹತ್ತು ನಿಮಿಷಕ್ಕೆ ಸರಿಯಾಗಿ ಫೋನು ಟ್ರೇ ಸೇರಿತು. ಲಾರಿ ಇನ್ನೂ ಘಟ್ಟದ ನಡುವೆ ಇತ್ತು. ಟ್ರೇಯಲ್ಲಿ ಫೋನು ಗುರ್ ಗುರ್ ಎಂದು ಅಲುಗುತ್ತಿತ್ತು. ಟೈಲರ್ ಮೊಣಕಾಲಿನ ಮೇಲೆ ಬೆರಳು ಕುಣಿಸಿದ, ಗೋಡೆ ನೋಡಿದ, ಚಾವಣಿ ನೋಡಿದ, ಅಂಗಿಯ ಒಂದು ಗುಂಡಿಯನ್ನು ತಿರುಗಿಸಿ ತಿರುಗಿಸಿ ಕಿತ್ತೇಬಿಟ್ಟ. ಪಟ್ಟಿಯಕ್ಕನಿಗೆ ಎದ್ದು ಹೋಗಿ ಅವನ ಕೈ ಹಿಡಿದುಕೊಳ್ಳಬೇಕೆನಿಸಿತು. ಹಲ್ಲು ಕಚ್ಚಿ ಕೂತಳು. ಅವಳ ಜೀವಮಾನದಲ್ಲಿ ಅಷ್ಟು ಉದ್ದದ ಐದು ನಿಮಿಷ ಮತ್ತೊಂದಿರಲಿಲ್ಲ.

ಡಾಕ್ಟರಮ್ಮ ಲ್ಯಾಪ್‌ಟಾಪ್ ಅವನ ಕಡೆ ತಿರುಗಿಸಿದರು. "ನೋಡಿ, ಒಂದೊಂದು ಚುಕ್ಕೆಯೂ ಎರಡು ಬಡಿತದ ನಡುವಿನ ಅಂತರ."

ಟೈಲರ್ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಬಟ್ಟೆಯ ಹೊಲಿಗೆ ಪರೀಕ್ಷಿಸುವಾಗಿನ ಮುಖ ಅದು. ಪಟ್ಟಿಯಕ್ಕ ಆ ಮುಖವನ್ನು ಕಂಡು ಎಷ್ಟೋ ದಿನವಾಗಿತ್ತು.

"ದಾರ ತುಂಬಾ ಬಿಗಿಯಾಗಿದೆ" ಎಂದ ಕೊನೆಗೆ. "ಎಲ್ಲಾ ಟಾಕೂ ಒಂದೇ ಅಳತೆ, ಎಲ್ಲೂ ಸಡಿಲ ಇಲ್ಲ. ಹೀಗೆ ಹೊಲಿದ್ರೆ ಬಟ್ಟೆ ಮುದುಡುತ್ತೆ. ಆಟ ನಿಂತ ಮೇಲೂ ಬಿಟ್ಟಿಲ್ಲ ನೋಡಿ."

"ನೀವು ಬರೆದ ಉತ್ತರಗಳೂ ಇದನ್ನೇ ಹೇಳ್ತಿವೆ" ಎಂದರು ಡಾಕ್ಟರಮ್ಮ ಮೆತ್ತಗೆ. "ವಾರಕ್ಕೊಂದು ದಿನ ಬನ್ನಿ, ಕೂತು ಮಾತಾಡೋಣ. ಬಿಡೋಕಾಗುತ್ತೆ. ಒಂದೇ ದಿನಕ್ಕಲ್ಲ, ಆದ್ರೆ ಆಗುತ್ತೆ."

ಪಟ್ಟಿಯಕ್ಕ ಗೆದ್ದಿದ್ದಳು. ಗೆದ್ದ ಸಂತೋಷ ಮಾತ್ರ ಬರಲಿಲ್ಲ. ಟೈಲರ್ ಎದ್ದು ನಿಂತು, ಅಂಗಿಯ ಉಳಿದ ಗುಂಡಿಗಳನ್ನು ಹಾಕಿಕೊಂಡ. ಟ್ರೇಯಲ್ಲಿ ಫೋನು ಮತ್ತೆ ಗುರ್ ಎಂದಿತು. ಅವನು ಅದರ ಕಡೆ ನೋಡಿ, ಹೆಂಡತಿಯ ಕಡೆ ನೋಡಿ, "ಇಲ್ಲಿ ಟೀ ಎಲ್ಲಿ ಸಿಗುತ್ತೆ?" ಎಂದ.

ಕ್ಯಾಂಟೀನಿನಲ್ಲಿ ಮೂಲೆಯ ಮೇಜು ಹಿಡಿದು ಕೂತರು. ಟೈಲರ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಕೈಗೆ ಬೇರೆ ಕೆಲಸವಿರಲಿಲ್ಲವಲ್ಲ.

"ನಮ್ಮ ಬೀದೀಲಿ ರೆಡಿಮೇಡ್ ಅಂಗಡಿ ಮೂರಾದ್ವು, ಗೊತ್ತಾ?" ಎಂದ. "ಬೆಳಗ್ಗೆ ಬಾಗಿಲು ತೆಗೆದು ಕೂತ್ರೆ ಮಧ್ಯಾಹ್ನದವರೆಗೂ ಒಬ್ಬ ಒಳಗೆ ಕಾಲಿಡಲ್ಲ. ಬಂದ್ರೂ ಜಿಪ್ಪು ಹಾಕ್ಕೊಡಿ, ಉದ್ದ ಮೋಟು ಮಾಡಿ, ಅಷ್ಟೇ. ಸಂಜೆ ಮೇಲೆ ಬಂದು ನಿಂಗೇನು ಹೇಳ್ಲಿ? ಹೇಳೋಕೆ ಯಾರಾದ್ರೂ ಬಂದಿರ್ಬೇಕಲ್ಲ. ಆ ಆಟದಲ್ಲಿ ಗೋಡೌನ್ ಬಾಗಿಲಲ್ಲಿ ಹಳದಿ ಟೋಪಿ ಹಾಕ್ಕೊಂಡ ಒಬ್ಬ ಇದಾನೆ. ನನ್ನ ಲೋಡಿಗೆ ಕಾಯ್ತಾ ನಿಂತಿರ್ತಾನೆ. ಲಾರಿ ಕಂಡ್ರೆ ಕೈ ಬೀಸ್ತಾನೆ. ಬೊಂಬೆ ಅಂತ ಗೊತ್ತು ಕಣೇ. ಆದ್ರೂ ಕಾಯ್ತಿರ್ತಾನೆ."

ಒಂದೂವರೆ ವರ್ಷ ಪಟ್ಟಿಯಕ್ಕ ಲಾರಿಯನ್ನು ಬೈದಿದ್ದಳು, ಚಾರ್ಜರನ್ನು ಹಿಟ್ಟಿನಲ್ಲಿ ಹೂತಿದ್ದಳು, ಆದರೆ ಕೆಳಗೆ ಇಳಿದು ಹೋಗಿ ಅಂಗಡಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಒಂದು ದಿನವೂ ನೋಡಿರಲಿಲ್ಲ. ಊರಿನವರನ್ನೆಲ್ಲ ಬೆಕ್ಕಿನ ಸಮಾಚಾರ ಕೇಳಿದವಳು ಗಂಡನನ್ನು ಅವನ ಸಮಾಚಾರ ಕೇಳಿರಲಿಲ್ಲ.

"ನಾನೂ ಕಾಯ್ತಾ ಇದ್ದೆ ರೀ" ಎಂದಳು. "ದಿನಾ ಸಂಜೆ. ಕೈ ಬೀಸ್ಲಿಲ್ಲ, ಅಷ್ಟೇ."

ಟೈಲರ್ ಲೋಟ ಕೆಳಗಿಟ್ಟ. ಸುಮಾರು ಹೊತ್ತು ಅವಳ ಮುಖವನ್ನೇ ನೋಡಿದ, ಅಳತೆ ಮರೆತುಹೋದ ಹಳೆಯ ಗಿರಾಕಿಯನ್ನು ನೋಡುವ ಹಾಗೆ. ಆಮೇಲೆ ಗಂಟಲು ಸರಿಮಾಡಿಕೊಂಡು, "ಮೊನ್ನೆ ಒಬ್ಬರು ಬಂದಿದ್ರು ಮಾತ್ರ. ಹೈಸ್ಕೂಲಿನ ಹೆಡ್‌ಮೇಷ್ಟ್ರು" ಎಂದ. "ಸೊಂಟ ಎರಡಿಂಚು ಜಾಸ್ತಿ ಆಗಿದೆ ಸಾರ್ ಅಂದೆ. ಒಪ್ಲಿಲ್ಲ. ನಿಮ್ಮ ಟೇಪು ಹಳೇದಾಗಿ ಕುಗ್ಗಿದೆ ಅಂದ್ರು. ಹೊಸ ಟೇಪು ತೆಗೆದೆ. ಹೊಸದು ಇನ್ನೂ ಹಿಗ್ಗಿಲ್ಲ, ಅದಕ್ಕೇ ಜಾಸ್ತಿ ತೋರಿಸ್ತಿದೆ ಅಂದ್ರು!"

ಪಟ್ಟಿಯಕ್ಕನ ಬಾಯಲ್ಲಿದ್ದ ಟೀ ಮೂಗಿನಿಂದ ಬಂತು. ಅವಳು ನಕ್ಕಳು, ಕೆಮ್ಮಿದಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಟೈಲರ್ ಎದ್ದು ನಿಂತು ಹೆಡ್‌ಮೇಷ್ಟ್ರು ಹೊಟ್ಟೆ ಒಳಗೆಳೆದುಕೊಂಡದ್ದನ್ನು ಅಭಿನಯಿಸಿ ತೋರಿಸಿದ. ಪಕ್ಕದ ಮೇಜಿನ ನರ್ಸುಗಳೂ ಕುರ್ಚಿ ತಿರುಗಿಸಿ ಕೂತರು. ಅಷ್ಟರಲ್ಲಿ ಡಾಕ್ಟರಮ್ಮ ಏದುಸಿರು ಬಿಡುತ್ತ ಓಡಿಬಂದರು.

"ಅಕ್ಕಾ, ನನ್ನ ಡಬ್ಬಿ! ಆಸ್ಪತ್ರೆ ಪೂರ್ತಿ ಹುಡುಕಿದೆ!"

ಡಬ್ಬಿ ಟೈಲರನ ಅಂಗಿಯೊಳಗೇ ಇತ್ತು. ಕುತ್ತಿಗೆಯಲ್ಲಿ ತೂಗುತ್ತ, ಮೂರು ವೈರುಗಳ ಸಮೇತ, ನಲವತ್ತು ನಿಮಿಷದಿಂದ ತನ್ನ ಪಾಡಿಗೆ ತಾನು ದಾಖಲೆ ಮಾಡುತ್ತಿತ್ತು.

ಸೋಮವಾರ ಡಾಕ್ಟರಮ್ಮ ಆ ನಲವತ್ತು ನಿಮಿಷವನ್ನು ತೆರೆದು ತೋರಿಸಿದರು. "ಇದು ಅಧ್ಯಯನಕ್ಕೆ ಬರಲ್ಲ ಅಕ್ಕಾ, ಆದ್ರೆ ನೋಡಿ. ಇಲ್ಲಿಂದ ಮುಂದೆ ಅಂತರ ಎಷ್ಟು ಚೆನ್ನಾಗಿ ಸಡಿಲ ಆಗಿದೆ. ಅದಕ್ಕೆ ಮುಂಚೆ, ಇಲ್ಲಿ, ಒಮ್ಮೆ ಜೋರಾಗಿ ನೆಗೆದಿದೆ. ಲಾರಿ ಓಡಿಸುವಾಗಲೂ ಇಷ್ಟು ನೆಗೆದಿರ್ಲಿಲ್ಲ. ಏನ್ ಮಾಡಿದ್ರಿ? ಓಡಿದ್ರಾ? ಮೆಟ್ಟಿಲು ಹತ್ತಿದ್ರಾ?"

"ಇಲ್ಲ ಡಾಕ್ಟ್ರೇ, ಕೂತೇ ಇದ್ವಿ."

"ಮತ್ತೇನು ನಡೀತು?"

ಪಟ್ಟಿಯಕ್ಕ ಗೆರೆಯ ಕೆಳಗೆ ನಮೂದಾಗಿದ್ದ ಹೊತ್ತು ನೋಡಿದಳು. ಕ್ಯಾಂಟೀನಿನ ಗೋಡೆ ಗಡಿಯಾರ ನೆನಪಿಗೆ ಬಂತು, ಆಗ ತಾನು ಆಡಿದ ಮಾತೂ ನೆನಪಿಗೆ ಬಂತು. ಯಾರ ಹತ್ತಿರ ಏನು ಬೇಕಾದರೂ ಮಾತಾಡಬಲ್ಲವಳು ಕಿವಿಯವರೆಗೂ ಕೆಂಪಾಗಿ, "ಏನಿಲ್ಲ, ಟೀ ಬಿಸಿಯಿತ್ತು" ಎಂದು ಹೇಳಿ ಹಸಿರು ಪರದೆಯ ಹಿಂದೆ ಸರಿದಳು.

ಟೈಲರನ ಮೊದಲ ವಾರಗಳು ಸುಲಭವಾಗಿರಲಿಲ್ಲ. ಹೆಬ್ಬೆರಳು ತಾನಾಗಿ ಕುಣಿಯುತ್ತಿತ್ತು, ಸುಮ್ಮಸುಮ್ಮನೆ ರೇಗುತ್ತಿದ್ದ, ಒಂದು ದಿನ ಕದ್ದು ಅರ್ಧ ಘಟ್ಟ ಹತ್ತಿ ಇಳಿದದ್ದನ್ನು ತಾನೇ ಡಾಕ್ಟರಮ್ಮನೆದುರು ಒಪ್ಪಿಕೊಂಡ. ಆದರೆ ಆ ಸೋಮವಾರದ ಸಂಜೆಯ ಮಾತು ಬೇರೆ. ಅಂದು ಅವನು ಅಂಗಡಿಯ ಬಾಗಿಲೆಳೆದು, ಟೇಪು ಕುತ್ತಿಗೆಯ ಮೇಲೆ ಹಾಕಿಕೊಂಡು, ಮೊದಲ ಮೆಟ್ಟಿಲಿಗೆ ಕಾಲಿಟ್ಟು ತಲೆಯೆತ್ತಿದ. ಮೇಲೆ ಕಟಾಂಜನದ ಹತ್ತಿರ ಪಟ್ಟಿಯಕ್ಕ ನಿಂತು ಎರಡೂ ಕೈ ಎತ್ತಿ ಬೀಸುತ್ತಿದ್ದಳು, ರೈಲು ಹತ್ತಿಸಲು ಬಂದವರ ಹಾಗೆ. ಎದುರಿನ ಹಣ್ಣಿನ ಗಾಡಿಯವನು ತನ್ನನ್ನೇ ಕರೆದರೆಂದು ಒಂದು ಡಜನ್ ಬಾಳೆಹಣ್ಣು ಕಟ್ಟಿಕೊಂಡು ಬೀದಿ ದಾಟಿಬಂದ.

"ಏನೇ ಇದು, ಬೀದಿ ಜನ ನೋಡ್ತಾರೆ!" ಎಂದ ಟೈಲರ್.

"ನೋಡ್ಲಿ. ಹತ್ತಿ ಬನ್ನಿ ಬೇಗ."

ಅವನು ನಡುಮೆಟ್ಟಿಲಲ್ಲಿ ನಿಂತು, ಬಾಳೆಹಣ್ಣಿನ ಚಿಪ್ಪನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಎತ್ತಿ ತಾನೂ ಬೀಸಿದ. ಆಮೇಲೆ ಉಳಿದ ಮೆಟ್ಟಿಲು ಹತ್ತುತ್ತಲೇ ಶುರುಮಾಡಿದ: "ಇವತ್ತು ಯಾರೂ ಬರ್ಲಿಲ್ಲ ಕಣೇ. ಹೇಗೆ ಬರ್ಲಿಲ್ಲ ಅಂತ ಹೇಳ್ತೀನಿ, ಕೇಳು."